ಡಿಸೈಫರ್, ಡಿಕೋಡ್, ಮೇಕ್ ಔಟ್: ಯಾವುದು ಎಲ್ಲಿಗೆ?

ಶ್ರೀರಂಗಪಟ್ಟಣದ ಶಾಸನದ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೀರಿ, ಅದನ್ನು ಓದಿದ್ದನ್ನು ಹೇಳಲು ಈ ಮೂರು ಪದಗಳಲ್ಲಿ ಯಾವುದು ಸರಿ ಅಂತ ಕೇಳಿದ್ದೀರಿ. ಸವೆದ ಅಕ್ಷರಗಳನ್ನು ಒಂದೊಂದಾಗಿ ಕಷ್ಟಪಟ್ಟು ಬಿಡಿಸಿ ಓದಿದ್ದರೆ 'ಡಿಸೈಫರ್'. ಯಾರಿಗೂ ಓದಲು ಬಾರದ ಲಿಪಿಗೂ ಇದೇ. 1822ರಲ್ಲಿ ಫ್ರೆಂಚ್ ವಿದ್ವಾಂಸ ಷಾಂಪೋಲಿಯೋ ಈಜಿಪ್ಟಿನ ಚಿತ್ರಲಿಪಿಯನ್ನು ಬಿಡಿಸಿದ್ದನ್ನು ಹೀಗೇ ಹೇಳುತ್ತಾರೆ. ಕಾಗೆಕಾಲು ಗುಬ್ಬಿಕಾಲು ಬರವಣಿಗೆಗೂ ಒಪ್ಪುತ್ತದೆ. ಆದರೆ ಓದಿದ್ದನ್ನು ಇಂಗ್ಲಿಷಿಗೆ ತಂದರೆ ಅದು ಟ್ರಾನ್ಸ್‌ಲೇಟ್, ಇವೆರಡನ್ನು ದಯವಿಟ್ಟು ಬೆರೆಸಬೇಡಿ.

'ಡಿಕೋಡ್'ಗೆ ಮೊದಲೇ ಗೊತ್ತುಮಾಡಿದ ಸಂಕೇತ ಇರಬೇಕು, ಚುಕ್ಕೆ-ಗೆರೆಗಳ ಮೋರ್ಸ್ ಕೋಡ್ ಥರ. ಶಾಸನಕ್ಕೆ ಅಷ್ಟಾಗಿ ಹೊಂದುವುದಿಲ್ಲ.

'ಮೇಕ್ ಔಟ್' ಆಡುಮಾತಿಗೆ ಹತ್ತಿರ. ಕಿವಿಗೂ ಸಲ್ಲುತ್ತದೆ: ಮಂಡ್ಯ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಅನೌನ್ಸ್‌ಮೆಂಟ್ ಸರಿಯಾಗಿ ಕೇಳಿಸದಿದ್ದರೆ ಇದೇ ಸರಿ. ಕಲ್ಲಿನ ಮೇಲೆ ಒಂದೆರಡು ಅಕ್ಷರ ಮಾತ್ರ ಮಬ್ಬಾಗಿದ್ದರೂ ಇದೇ ಸಾಕು. ಇಡೀ ಸಾಲೇ ಅಳಿಸಿದಂತಿದ್ದರೆ ಡಿಸೈಫರ್ ಬರೆಯಿರಿ.