ಓದಿನ ರುಚಿ ಹತ್ತಿದವರಿಗೆ ‘ಲಿಬರೇಷನ್’

‘ದಿ ಡಿವೈನ್ ಕಾಮಿಡಿ’ ಬ್ಯಾಂಡಿನ ‘ಲಿಬರೇಷನ್’ (1993) ಆಲ್ಬಂ ಕೇಳಿ ಅಂತ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಬ್ಯಾಂಡ್ ಅಂದರೂ ಅದು ಹೆಚ್ಚುಕಡಿಮೆ ಒಬ್ಬರೇ, ಉತ್ತರ ಐರ್ಲೆಂಡಿನ ನೀಲ್ ಹ್ಯಾನನ್. ಆಗ ಅವರಿಗೆ 22 ವರ್ಷ. ಇಟಲಿಯ ಕವಿ ಡಾಂಟೆಯ ಕಾವ್ಯದ ಹೆಸರನ್ನೇ ಬ್ಯಾಂಡಿಗೆ ಇಟ್ಟುಕೊಂಡವರು, ಹಾಡುಗಳಿಗೂ ತಾವು ಓದಿದ್ದನ್ನೇ ಬಂಡವಾಳ ಮಾಡಿಕೊಂಡಿದ್ದಾರೆ.

ಈ ಆಲ್ಬಂನ ಶೈಲಿಗೆ ಬರೋಕ್ ಪಾಪ್ ಅನ್ನುತ್ತಾರೆ, ಹೆಸರು ಕೇಳಿ ಗಾಬರಿ ಬೇಡ. ಗುನುಗಲು ಬರುವಂಥ ಪಾಪ್ ಹಾಡಿಗೆ ಪಿಟೀಲು, ಚೆಲ್ಲೋ, ಫ್ರೆಂಚ್ ಹಾರ್ನ್ ಸೇರಿಸಿ ಹಳೆಯ ಯೂರೋಪಿನ ಸಂಗೀತದ ಮೆರುಗು ಕೊಡುವುದು, ಅಷ್ಟೇ.

‘ಬರ್ನೀಸ್ ಬಾಬ್ಸ್ ಹರ್ ಹೇರ್’ ಹಾಡಿನ ಹಿಂದೆ ಅಮೆರಿಕದ ಲೇಖಕ ಸ್ಕಾಟ್ ಫಿಟ್ಸ್‌ಜೆರಾಲ್ಡ್ 1920ರಲ್ಲಿ ಪ್ರಕಟಿಸಿದ ಕಥೆಯಿದೆ. ಜನರ ಜೊತೆ ಮಾತು ಬೆಳೆಸಲು ಬಾರದ ಸಪ್ಪೆ ಹುಡುಗಿ ಬರ್ನೀಸ್. ಸೋದರಸಂಬಂಧಿ ಮಾರ್ಜೊರಿ ಅವಳಿಗೆ ನಾಲ್ಕು ಜನರ ಮುಂದೆ ಮಿಂಚುವುದನ್ನು ಕಲಿಸುತ್ತಾಳೆ. ಆಮೇಲೆ ಹೊಟ್ಟೆಕಿಚ್ಚಿಗೆ ಬಿದ್ದು, ಗಂಡಸರ ಕ್ಷೌರದಂಗಡಿಯಲ್ಲಿ ಅವಳು ಕೂದಲು ಕತ್ತರಿಸಿಕೊಳ್ಳುವ ಹಾಗೆ ಮಾಡುತ್ತಾಳೆ. ಊರು ಬಿಡುವ ರಾತ್ರಿ ಬರ್ನೀಸ್ ಮಲಗಿದ್ದ ಮಾರ್ಜೊರಿಯ ಎರಡೂ ಜಡೆ ಕತ್ತರಿಸಿ ಹೊರಟುಬಿಡುತ್ತಾಳೆ. ಕಥೆ ಓದಿ ಆಮೇಲೆ ಹಾಡು ಕೇಳಿ. ಮೂರು ನಾಲ್ಕು ನಿಮಿಷದ ಪಾಪ್ ಹಾಡಿನಲ್ಲಿ ಆ ಹುಡುಗಿಯ ಪರ ನಿಲ್ಲುವ ಪ್ರೀತಿ ಕೇಳಿಸುತ್ತದೆ.

‘ತ್ರೀ ಸಿಸ್ಟರ್ಸ್’ಗೆ ರಷ್ಯಾದ ಲೇಖಕ ಚೆಕಾಫ್ ಅವರ ಅದೇ ಹೆಸರಿನ ನಾಟಕವೇ ಮೂಲ. ಚೆನ್ನಾಗಿದೆ, ಆದರೆ ಬೇಗ ಮುಗಿದುಹೋಯಿತು ಅನಿಸುತ್ತದೆ. ‘ಯೂರೋಪಾಪ್’ ಬಂದಾಗ ಮಾತ್ರ ಆಲ್ಬಂನ ಹದ ತಪ್ಪುತ್ತದೆ. ಸುತ್ತಲಿನ ಹಾಡುಗಳ ನಯ ಅದಕ್ಕಿಲ್ಲ.

ನಾನು ಮತ್ತೆ ಮತ್ತೆ ಹಾಕಿಕೊಳ್ಳುವುದು ಕೊನೆಯ ಹಾಡು, ‘ಲೂಸಿ’. ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್ ಲೂಸಿ ಎಂಬ ಹುಡುಗಿಯ ಬಗ್ಗೆ ಬರೆದ ಕವಿತೆಗಳಲ್ಲಿ ಮೂರನ್ನು ಒಂದಕ್ಕೊಂದು ಪೋಣಿಸಿ ರಾಗ ಹಾಕಿದ್ದಾರೆ. ಮೊದಲನೆಯದರಲ್ಲಿ ಕವಿ ಪರದೇಶ ಸುತ್ತಿ ಬಂದು ತನ್ನ ನೆಲ ತನಗೆಷ್ಟು ಪ್ರಿಯ ಅಂತ ಕಂಡುಕೊಳ್ಳುತ್ತಾನೆ. ಎರಡನೆಯದರಲ್ಲಿ, ಯಾರ ಗಮನಕ್ಕೂ ಬಾರದೆ ಬದುಕಿದ ಲೂಸಿ ತೀರಿಕೊಂಡಿದ್ದಾಳೆ. ಮೂರನೆಯದರಲ್ಲಿ ಅವಳು ಕಲ್ಲು, ಬಂಡೆ, ಮರಗಳ ಜೊತೆ ಭೂಮಿಯೊಂದಿಗೆ ತಿರುಗುತ್ತಿದ್ದಾಳೆ. ಈ ಕವಿತೆಗಳನ್ನು ಕ್ಲಾಸಿನಲ್ಲಿ ಪಾಠ ಮಾಡಿದವಳು ನಾನು. ಒಂದೊಂದನ್ನೂ ಬೇರೆ ಬೇರೆಯಾಗಿ ವಿವರಿಸಿ ಮುಗಿಸುತ್ತಿದ್ದೆವು. ಇಲ್ಲಿ ಮೂರೂ ಸೇರಿ ಒಂದು ಬದುಕಾಗಿದೆ. ರಾಗ ಎಳೆದು ಅಳಿಸಲು ಹೋಗುವುದಿಲ್ಲ, ಹಗುರವಾಗಿ ಮುಂದೆ ಹೋಗುತ್ತದೆ. ಅದಕ್ಕೇ ದುಃಖ ಜಾಸ್ತಿ ತಟ್ಟುತ್ತದೆ. ಭಾವಗೀತೆ ಕೇಳಿ ಬೆಳೆದ ನಮಗೆ ಇದು ತಕ್ಷಣ ಗೊತ್ತಾಗುತ್ತದೆ ಅಲ್ವಾ? ರಾಗ ಕವಿತೆಯನ್ನು ನುಂಗಬಾರದು. ಹ್ಯಾನನ್ ನುಂಗಿಲ್ಲ.

ಇಂಗ್ಲಿಷ್ ಸಾಹಿತ್ಯ ಓದುವ ಮಕ್ಕಳಿಗೆ ಖಂಡಿತ ಕೇಳಿಸಿ. ಸುಮ್ನೆ ಹಿನ್ನೆಲೆಯಲ್ಲಿ ಹಾಕಿ ಬಿಡಬೇಡಿ, ಪದಗಳನ್ನು ಹಿಡಿದು ಕೇಳಬೇಕು. ಇಷ್ಟವಾದರೆ 1994ರ ‘ಪ್ರೊಮೆನೇಡ್’ಗೆ ಹೋಗಿ. ಅದರಲ್ಲಿ ‘ದಿ ಬುಕ್‌ಲವರ್ಸ್’ ಅಂತ ಒಂದು ಹಾಡಿದೆ, ಉದ್ದಕ್ಕೂ ಲೇಖಕರ ಹೆಸರುಗಳದೇ ಮೆರವಣಿಗೆ.