ಸ್ಟೆಲಾರಿಸ್ ತೆಗೆದು ಸಿನ್ಸ್ ಉಳಿಸಿಕೊಂಡೆ

ಬಾಹ್ಯಾಕಾಶದಲ್ಲಿ ಸಾಮ್ರಾಜ್ಯ ಕಟ್ಟಿ ಕಾದಾಡುವ ಎರಡು ಕಂಪ್ಯೂಟರ್ ಆಟಗಳು, ಎರಡನ್ನೂ ಸೇಲ್ ನೋಡಿಕೊಂಡೇ ಕೊಂಡಿದ್ದು. ಮೊದಲು ಸ್ಟೆಲಾರಿಸ್, ಏಳೆಂಟು ತಿಂಗಳಾದ ಮೇಲೆ ಸಿನ್ಸ್ ಆಫ್ ಎ ಸೋಲಾರ್ ಎಂಪೈರ್: ರೆಬೆಲಿಯನ್. ಈಗ ನನ್ನ ಲ್ಯಾಪ್‌ಟಾಪ್‌ನಲ್ಲಿ ಉಳಿದಿರುವುದು ಎರಡನೆಯದು ಮಾತ್ರ. 2016ರ ಆಟ ಬಿಟ್ಟು 2012ರ ಆಟ ಯಾಕೆ ಇಟ್ಟುಕೊಂಡೆ ಅಂತ ಕೇಳುವವರಿಗೆ ಇದು ನನ್ನ ಉತ್ತರ. ನನಗೆ ಬೇಕಿದ್ದದ್ದು ಇಷ್ಟೇ: ಹಡಗುಗಳ ಕಾಳಗದಲ್ಲಿ ನನ್ನ ಕೈಯಾಡಬೇಕು, ಆ ಕಾಳಗಕ್ಕೆ ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅನ್ನುವುದು ಕಣ್ಣಿಗೆ ಕಾಣಬೇಕು.

ಸ್ಟೆಲಾರಿಸ್‌ನಲ್ಲಿ ನನ್ನನ್ನು ಕೆಡವಿದ್ದು ಒಂದು ಅಂಕಿ. ಪ್ರತಿ ಫ್ಲೀಟ್‌ನ (ಹಡಗುಗಳ ಪಡೆಯ) ಪಕ್ಕ ಅದರ ಬಲ ಎಷ್ಟು ಅಂತ ಒಂದು ಸಂಖ್ಯೆ ತೋರಿಸುತ್ತದೆ. ಆಟ 2200ನೇ ಇಸವಿಯಲ್ಲಿ ಶುರುವಾಗುತ್ತದೆ. 2290ರ ಸುಮಾರಿಗೆ ಪಕ್ಕದ ಸಾಮ್ರಾಜ್ಯದ ಜೊತೆ ಯುದ್ಧ ಬಂತು. ನನ್ನದು 14 ಸಾವಿರ, ಅವರದು 12 ಸಾವಿರ. ಧೈರ್ಯವಾಗಿ ನುಗ್ಗಿದೆ. ನನ್ನ ಹಡಗುಗಳಲ್ಲಿ ಇದ್ದದ್ದೆಲ್ಲ ಲೇಸರ್. ಲೇಸರ್ ಕವಚವನ್ನು ಚೆನ್ನಾಗಿ ಸುಡುತ್ತದೆ, ಆದರೆ ಶೀಲ್ಡ್ (ಹಡಗಿನ ಸುತ್ತಲಿನ ಶಕ್ತಿಯ ಪರದೆ) ಮೇಲೆ ಅದರ ಆಟ ನಡೆಯುವುದಿಲ್ಲ. ಅವರ ಹಡಗುಗಳಿಗೆ ಶೀಲ್ಡೇ ಜಾಸ್ತಿ ಇತ್ತು. ನಾನೂ ಶೀಲ್ಡನ್ನೇ ನಂಬಿದ್ದೆ. ಅವರು ಹಾಕಿದ್ದು ಗುಂಡು ಹಾರಿಸುವ ಫಿರಂಗಿ, ಶೀಲ್ಡ್ ಒಡೆಯುವುದಕ್ಕೆಂದೇ ಇರುವಂಥದ್ದು. ಆ ಬಲದ ಅಂಕಿಯಲ್ಲಿ ಇದ್ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಯಾವ ಆಯುಧಕ್ಕೆ ಯಾವ ರಕ್ಷಣೆ ಅಂತ ನಾವೇ ಎದುರಾಳಿಯ ಹಡಗನ್ನು ತೆರೆದು ನೋಡಬೇಕು.

ಸರಿ, ತಪ್ಪು ಗೊತ್ತಾಯಿತು. ಆದರೆ ಗೊತ್ತಾದ ಮೇಲೂ ಮಾಡುವುದಕ್ಕೆ ಏನೂ ಇರಲಿಲ್ಲ. ಫ್ಲೀಟ್ ಒಮ್ಮೆ ಕಾಳಗಕ್ಕೆ ಇಳಿದರೆ ಈ ಹಡಗು ಮುಂದೆ, ಆ ಹಡಗು ಹಿಂದೆ ಅಂತ ಹೇಳುವ ಹಾಗಿಲ್ಲ. ನೋಡುತ್ತಾ ಕೂರಬೇಕು, ಇಲ್ಲವೇ ಸ್ವಲ್ಪ ಹೊತ್ತು ಕಾದು ತುರ್ತು ಪಲಾಯನದ ಬಟನ್ ಒತ್ತಬೇಕು. ಒತ್ತಿದೆ. ಉಳಿದ ಹಡಗುಗಳು ತಿಂಗಳುಗಟ್ಟಲೆ ಕಾಣೆಯಾದವು. ಅವು ಮರಳಿ ಬಂದ ಮೇಲೆ ಆಯುಧ ಬದಲಿಸೋಣ ಅಂದರೆ ಹಡಗುಕಟ್ಟೆಗೆ ಹೋಗಬೇಕು, ಅದಕ್ಕೆ ಅಲಾಯ್ (ಹಡಗು ಕಟ್ಟುವ ಮಿಶ್ರಲೋಹ) ಬೇಕು.

ಅಲಾಯ್ ಅಲ್ಲೇ ಮುಗಿದಿತ್ತು. ನಾನು ಆಡಿದ 3ನೇ ಸಾಲಿನ ಆವೃತ್ತಿಗಳಲ್ಲಿ ಲೋಹಗಾರನೊಬ್ಬ ತಿಂಗಳಿಗೆ 6 ಖನಿಜ ತಿಂದು 3 ಅಲಾಯ್ ಕೊಡುತ್ತಾನೆ. ಹೆಚ್ಚು ಬೇಕು ಅಂತ ದಿನಬಳಕೆಯ ಸಾಮಾನು ಮಾಡುವವರನ್ನು ಆ ಕೆಲಸಕ್ಕೆ ಹಾಕಿದೆ. ಸಾಮಾನು ಕಡಿಮೆ ಬಿತ್ತು; ಸಂಶೋಧಕರಿಗೆ ಬೇಕಾಗಿದ್ದೂ ಅದೇ ಸಾಮಾನು, ಅವರ ಕೆಲಸವೂ ಕುಂಟಿತು. ಆಟದ ಮಾರುಕಟ್ಟೆಯಲ್ಲಿ ಎನರ್ಜಿ (ಅಲ್ಲಿನ ದುಡ್ಡು) ಕೊಟ್ಟು ಅಲಾಯ್ ಕೊಳ್ಳಲು ಹೋದರೆ ಕೊಂಡಷ್ಟೂ ಬೆಲೆ ಏರಿತು, ಎನರ್ಜಿಯೂ ಸೊನ್ನೆಗೆ ಬಂತು. ಮೂರು ಭಾನುವಾರ ಕಟ್ಟಿದ ರಾಜ್ಯ ಒಂದು ಸಂಜೆಯಲ್ಲಿ ಕುಸಿಯಿತು. ಈ ಸರಪಳಿಯನ್ನು ಇಷ್ಟು ಚೆನ್ನಾಗಿ ಹೆಣೆದವರ ಬಗ್ಗೆ ನನಗೆ ಗೌರವವಿದೆ, ನಿಜವಾಗಿ. ಆದರೆ ಅದು ಹತ್ತು ಗ್ರಹಗಳ ಹತ್ತು ಪರದೆಗಳಲ್ಲಿ ಹರಡಿಕೊಂಡಿದೆ, ವಾರಕ್ಕೊಮ್ಮೆ ಕೂರುವ ನಾನು ಹೋದ ವಾರ ಎಲ್ಲಿ ಏನು ಬದಲಿಸಿದ್ದೆ ಅನ್ನುವುದನ್ನೇ ಮರೆತಿರುತ್ತೇನೆ.

ಸಿನ್ಸ್‌ನಲ್ಲಿ ಸಂಪನ್ಮೂಲ ಮೂರೇ: ಕ್ರೆಡಿಟ್, ಲೋಹ, ಕ್ರಿಸ್ಟಲ್. ಮೂರೂ ಸದಾ ಪರದೆಯ ಮೇಲೇ ಇರುತ್ತವೆ. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಫ್ಲೀಟ್ ಗಾತ್ರದ ನಿಯಮ. ಹೆಚ್ಚು ಹಡಗು ಬೇಕೆಂದರೆ ಅದಕ್ಕೊಂದು ಸಂಶೋಧನೆ ಮಾಡಬೇಕು. ಮಾಡಿದ ಕ್ಷಣದಿಂದ ನಿಮ್ಮ ಒಟ್ಟು ಆದಾಯದ ಒಂದು ಪಾಲು ಶಾಶ್ವತವಾಗಿ ಕಡಿತ. ಆಮೇಲೆ ಹಡಗುಗಳೆಲ್ಲ ನಾಶವಾದರೂ ಕಡಿತ ಹೋಗುವುದಿಲ್ಲ. ಹಾಗಾಗಿ ಸೈನ್ಯ ದೊಡ್ಡದು ಮಾಡುವ ಪ್ರತಿ ಸಲವೂ ಕೈ ತಡೆಯುತ್ತದೆ, ಇರುವ ಹಡಗನ್ನೇ ಜೋಪಾನ ಮಾಡೋಣ ಅನಿಸುತ್ತದೆ.

ವ್ಯಾಪಾರವೂ ಹಾಗೆಯೇ. ಒಂದಕ್ಕೊಂದು ತಾಗಿದ ಗ್ರಹಗಳಲ್ಲಿ ವ್ಯಾಪಾರ ಬಂದರು ಕಟ್ಟುತ್ತಾ ಹೋದರೆ ಸಾಲು ಉದ್ದವಾದಷ್ಟೂ ಆದಾಯ ಹೆಚ್ಚು. ನಡುವಿನ ಒಂದು ಗ್ರಹ ಶತ್ರುವಿನ ಪಾಲಾದರೆ ಸಾಲು ತುಂಡು. ಯುದ್ಧದ ನಷ್ಟ ಆ ಕ್ಷಣವೇ ಕ್ರೆಡಿಟ್ ಅಂಕಿಯಲ್ಲಿ ಕಾಣುತ್ತದೆ. ಕಡಲ್ಗಳ್ಳರದ್ದಂತೂ ಇನ್ನೂ ಸೊಗಸು: ಅವರ ಮುಂದಿನ ದಾಳಿಗೆ ಮೊದಲು ಎಲ್ಲರೂ ಒಬ್ಬರ ತಲೆಯ ಮೇಲೆ ಒಬ್ಬರು ಬಹುಮಾನ ಕಟ್ಟಬಹುದು. ಯಾರ ತಲೆಗೆ ಜಾಸ್ತಿ ಬೆಲೆಯೋ ಅವರ ಮೇಲೆ ದಾಳಿ. ಹಡಗು ಕಳಿಸದೆ ದುಡ್ಡಿನಲ್ಲೇ ಹೊಡೆದ ಹಾಗೆ.

ಕಾಳಗದ ಬಗ್ಗೆ ಒಂದು ರಾತ್ರಿಯದ್ದು ಹೇಳುತ್ತೇನೆ. ಸಿನ್ಸ್‌ನ ಬಣಗಳಲ್ಲೊಂದಾದ ಟಿಇಸಿ ಪಡೆ ಹಿಡಿದು ಆಡುತ್ತಿದ್ದೆ, ತಮ್ಮ ಪಕ್ಕದಲ್ಲಿ ಕೂತಿದ್ದ. ನನ್ನ ಕೋಲ್ ಯುದ್ಧನೌಕೆಯ ಮೈಯಲ್ಲಿ ಕಾಲು ಭಾಗವೂ ಉಳಿದಿರಲಿಲ್ಲ. "ಅಣ್ಣಾ, ಕೋಲ್ ಹಿಂದಕ್ಕೆ ತಗೋ, ಹೋಗ್ಬಿಡುತ್ತೆ!" ಅಂದ. ಅದೊಂದನ್ನೇ ಆರಿಸಿ ಗ್ರಹದ ಸುತ್ತಲಿನ ಗುರುತ್ವದ ವಲಯದ ಅಂಚಿನ ಕಡೆ ತಿರುಗಿಸಿದೆ, ಯಾಕೆಂದರೆ ಅಂಚು ಮುಟ್ಟದೆ ಇನ್ನೊಂದು ಗ್ರಹಕ್ಕೆ ಜಿಗಿಯಲಾಗುವುದಿಲ್ಲ. ದಾರಿಯಲ್ಲೇ ರಿಪೇರಿ ಮಾಡುವ ಎರಡು ಹೋಶಿಕೋ ಹಡಗುಗಳನ್ನು ಬೆನ್ನಿಗೆ ಕಳಿಸಿದೆ. ಅಷ್ಟರಲ್ಲಿ 6ನೇ ಹಂತ ತಲುಪಿದ್ದ ನನ್ನ ಇನ್ನೊಂದು ದೊಡ್ಡ ಹಡಗು ಮಾರ್ಜಾ, ಶತ್ರುಗಳ ಗುಂಪಿನ ಮೇಲೆ ಕ್ಷಿಪಣಿ ಮಳೆ ಸುರಿಸಿತು. ಕೋಲ್ ಬದುಕಿತು. ದೊಡ್ಡ ಹಡಗುಗಳು ಕಾದಾಡುತ್ತಾ ಅನುಭವ ಗಳಿಸಿ ಹಂತ ಏರುತ್ತವೆ. ಒಂದು ಹೋದರೆ ಆ ಅನುಭವವೂ ಹೋಯಿತು. ಆದ್ದರಿಂದ ಅದನ್ನು ಉಳಿಸಿಕೊಂಡ ಖುಷಿಗೆ ಬೆಲೆ ಇದೆ.

ಕಥೆ, ರಾಜತಾಂತ್ರಿಕತೆ, ವಿಚಿತ್ರ ಜೀವಿಗಳು, ಹೊಸ ನಕ್ಷತ್ರ ಹುಡುಕುವ ಬೆರಗು: ಸ್ಟೆಲಾರಿಸ್ ಎಷ್ಟೋ ಮುಂದೆ. ಸಿನ್ಸ್‌ನಲ್ಲಿ ಕಥೆಯ ಅಭಿಯಾನವೇ ಇಲ್ಲ.

ಸಂಗೀತ ಎರಡರಲ್ಲೂ ಚೆನ್ನಾಗಿದೆ.

ನನ್ನದು ಎಂಟು ವರ್ಷದ ಲ್ಯಾಪ್‌ಟಾಪ್. ಸ್ಟೆಲಾರಿಸ್‌ನಲ್ಲಿ ಜನಸಂಖ್ಯೆ ಏರಿದಂತೆ ಆಟದ ಒಂದು ತಿಂಗಳು ತೆವಳತೊಡಗುತ್ತದೆ. ಸಿನ್ಸ್ ಸಹ ದೊಡ್ಡ ನಕ್ಷೆಯಲ್ಲಿ ಕೊನೆಗೆ ಭಾರವಾಗುತ್ತದೆ, ಅದಕ್ಕೇ ನಾನು ಚಿಕ್ಕ ನಕ್ಷೆ ಆರಿಸಿ ಒಂದೇ ಭಾನುವಾರದಲ್ಲಿ ಮುಗಿಸುತ್ತೇನೆ. ಬಜೆಟ್ ಲೆಕ್ಕದಲ್ಲೂ ಅಷ್ಟೆ: ಸ್ಟೆಲಾರಿಸ್‌ಗೆ ವಿಸ್ತರಣೆಗಳು ವರ್ಷ ವರ್ಷ ಬರುತ್ತಲೇ ಇರುತ್ತವೆ, ಸಿನ್ಸ್‌ಗೆ ನಾನು ಒಮ್ಮೆ ಕೊಟ್ಟ ದುಡ್ಡಿನ ಮೇಲೆ ಇನ್ನೂ ಒಂದು ರೂಪಾಯಿ ಹಾಕಿಲ್ಲ. ದಿನಾ ರಾತ್ರಿ ಎರಡು ಗಂಟೆ ಬಿಡುವಿದ್ದು, ಒಳ್ಳೆಯ ಮಷಿನ್ ಇರುವವರು ಸ್ಟೆಲಾರಿಸ್ ತಗೊಳ್ಳಿ. ನನ್ನ ಹಾಗೆ ವಾರಕ್ಕೊಂದೇ ದಿನ ಸಿಗುವವರು ಸಿನ್ಸ್ ತಗೊಳ್ಳಿ. ಗ್ರಹಗಳು ಸೂರ್ಯನ ಸುತ್ತ ಚಲಿಸುವ ಸಿನ್ಸ್ 2 ಕೂಡ 2024ರಲ್ಲಿ ಸ್ಟೀಮ್‌ಗೆ (ಆಟಗಳ ಆನ್‌ಲೈನ್ ಅಂಗಡಿ) ಬಂದಿದೆ. ಲ್ಯಾಪ್‌ಟಾಪ್ ಬದಲಿಸಿದ ದಿನ ತಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡು ಅದನ್ನೇ ಮೊದಲು ಹಾಕುತ್ತೇನೆ.