ಟೇಬಲ್ ಬುಕಿಂಗ್ ಆಪ್: ಎರಡು ವರ್ಷ ಬಳಸಿದ ಖಾನಾವಳಿಯವನ ಮಾತು

ಬೆಳಗಾವಿಯ ಟಿಳಕವಾಡಿಯಲ್ಲಿ ನನ್ನದು ಹದಿನಾಲ್ಕು ಟೇಬಲ್‌ಗಳ ಖಾನಾವಳಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯೆ, ಕೊನೆಗೆ ಒಂದು ಚಮಚ ಕುಂದಾ. ಈ ಆಪ್ ಹಾಕಿಸಿ ಎರಡು ವರ್ಷ ದಾಟಿತು. ಇಲ್ಲಿ ಮೊದಲ ವಾರದಲ್ಲೇ ಐದು ಸ್ಟಾರ್ ಒತ್ತಿ ಹೋದವರೇ ಜಾಸ್ತಿ. ನಾನು ಸ್ವಲ್ಪ ತಡವಾಗಿ ಬರೆಯುತ್ತಿದ್ದೇನೆ.

ಹಾಕಿಸಿದ್ದು ಯಾಕೆ ಅಂದರೆ, 2023ರ ಡಿಸೆಂಬರ್. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ. ಆ ಎರಡು ವಾರ ನಮ್ಮೂರಲ್ಲಿ ಲಾಡ್ಜ್ ರೂಮೂ ಸಿಗಲ್ಲ, ಹೋಟೆಲಲ್ಲಿ ಕುರ್ಚಿಯೂ ಸಿಗಲ್ಲ. ಒಬ್ಬ ಫೋನ್ ಮಾಡಿ, "ರಾತ್ರಿ ಎಂಟಕ್ಕ 24 ಮಂದಿ ಬರ್ತೀವ್ರಿ, ಸಾಹೇಬ್ರ ಕಡೆಯವ್ರು" ಎಂದ. ಯಾವ ಸಾಹೇಬರು ಅಂತ ನಾನೂ ಕೇಳಲಿಲ್ಲ. ಆರು ಟೇಬಲ್ ಜೋಡಿಸಿದೆ. ರೊಟ್ಟಿ ಬಡಿಯಲು ಇಬ್ಬರು ಅಕ್ಕಂದಿರನ್ನು ಹೆಚ್ಚಿಗೆ ಕರೆಸಿದೆ. ಎಂಟೂವರೆಗೆ ಅವನ ಫೋನ್ ಸ್ವಿಚ್ ಆಫ್. ಬಾಗಿಲಿಗೆ ಬಂದ ಎರಡು ಮನೆತನದವರನ್ನು "ಜಾಗಾ ಇಲ್ರಿ" ಅಂತ ಆಗಲೇ ವಾಪಸ್ ಕಳಿಸಿದ್ದೆ. ಅವರಿಗೆ ಒಳಗಿನ ಖಾಲಿ ಟೇಬಲ್‌ಗಳು ಕಾಣುತ್ತಲೇ ಇದ್ದವು. ಒಂಬತ್ತಕ್ಕೆ ಅಡುಗೆಮನೆಯಿಂದ ಅಕ್ಕ ಬಂದು, "ಅಣ್ಣಾ, ಹಿಟ್ಟು ನಾದಿ ಇಟ್ಟೀವಿ, ಬಡೀಲೋ ಬ್ಯಾಡೋ?" ಎಂದು ಕೇಳಿದಳು. ಜೋಳದ ಹಿಟ್ಟು ನಾದಿ ಬಹಳ ಹೊತ್ತು ಇಟ್ಟರೆ ಜಿಗಿ ಹೋಗುತ್ತದೆ, ಆಮೇಲೆ ಬಡಿದರೆ ಅಂಚು ಸೀಳುತ್ತದೆ. ಆ ರಾತ್ರಿ ಅಷ್ಟೂ ಹಿಟ್ಟು ಹಾಳಾಯಿತು.

ಆಪ್ ಕೆಲಸ ಮಾಡುವ ರೀತಿ ಸರಳ. ಗಿರಾಕಿ ಲಿಂಕ್ ಒತ್ತಿ ದಿನ, ಹೊತ್ತು, ಎಷ್ಟು ಜನ ಅಂತ ಹಾಕಬೇಕು. ಮೊಬೈಲಿಗೆ ಓಟಿಪಿ ಬರುತ್ತದೆ. ನಾವು ಬೇಕೆಂದರೆ ತಲೆಗೆ ಇಷ್ಟು ಅಂತ ಅಡ್ವಾನ್ಸ್ ಇಡಬಹುದು. 15 ನಿಮಿಷದಲ್ಲಿ ರೊಕ್ಕ ಬೀಳದಿದ್ದರೆ ಟೇಬಲ್ ತಾನಾಗಿಯೇ ಮತ್ತೆ ಖಾಲಿ ಅಂತ ತೋರಿಸುತ್ತದೆ.

ಮೊದಲ ಮೂರು ತಿಂಗಳು ಬರೀ ಓಟಿಪಿ ಇಟ್ಟಿದ್ದೆ. ನಮ್ಮೂರ ಮಂದಿ ಹತ್ತಿರ ಊಟಕ್ಕೆ ಮುಂಗಡ ಕೇಳೋದು ಹೇಗೆ ಅಂತ ಸಂಕೋಚ. ಆದರೆ ಸುಮ್ನೆ ಯಾವುದೋ ನಂಬರ್ ಕೊಡುವವರನ್ನು ಮಾತ್ರ ಓಟಿಪಿ ತಡೆಯುತ್ತದೆ. ಎರಡನೇ ಸಿಮ್ ಇದ್ದವನು ಆರಾಮಾಗಿ ದಾಟುತ್ತಾನೆ. ಇನ್ನು ಮೂರು ಹೋಟೆಲಲ್ಲಿ ಬುಕ್ ಮಾಡಿ ಒಂದರಲ್ಲಿ ಉಣ್ಣುವವರ ನಂಬರ್ ಸುಳ್ಳೇ ಅಲ್ಲವಲ್ಲ! ಕೊನೆಗೆ ಆರು ಜನ ಮತ್ತು ಮೇಲ್ಪಟ್ಟರೆ ತಲೆಗೆ 50 ರೂಪಾಯಿ ಇಟ್ಟೆ. ಅದನ್ನು ಬಿಲ್ಲಿನಲ್ಲಿ ಕಳೆಯುತ್ತೇನೆ. ಅಲ್ಲಿಂದ ಈಚೆಗೆ ದೊಡ್ಡ ಟೇಬಲ್ ಬುಕ್ ಮಾಡಿ ಬಾರದೇ ಹೋದದ್ದು ನಾಲ್ಕೇ ಸಲ. ಅದರಲ್ಲಿ ಒಬ್ಬರ ಮನೆಯಲ್ಲಿ ಸಾವಾಗಿತ್ತು, ರೊಕ್ಕ ವಾಪಸ್ ಕೊಟ್ಟೆ.

ಆಪ್‌ಗೆ ಕೊಟ್ಟ ರೊಕ್ಕ ವಸೂಲಾಗಿದ್ದು ಮಾತ್ರ ಕಳೆದ ವರ್ಷ ಬಂದ ಒಂದು ಫೋನಿನಲ್ಲಿ. ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರ ಇರುವ ಊರು ನಮ್ಮದು, ಮಿಲಿಟರಿಯವರು ಊಟಕ್ಕೆ ಬರೋದು ಹೊಸದಲ್ಲ. ಮೋಸ ಮಾಡುವವರಿಗೂ ಇದು ಗೊತ್ತು. ಕ್ಯಾಂಪ್‌ನಿಂದ ಮಾತಾಡುತ್ತಿದ್ದೇನೆ, 30 ಜವಾನರಿಗೆ ಟೇಬಲ್ ಬೇಕು ಅಂತ ಹಿಂದಿಯಲ್ಲಿ ಒಬ್ಬ ಹೇಳಿದ. ವಾಟ್ಸಾಪಿನಲ್ಲಿ ಗುರುತಿನ ಚೀಟಿಯ ಫೋಟೋ ಕೂಡ ಹಾಕಿದ. ಲಿಂಕ್ ಕಳಿಸಿದೆ. "ಲಿಂಕ್ ತೆರೀತಿಲ್ಲ, ನಿಮ್ಮ ಕ್ಯೂಆರ್ ಕಳಿಸಿ" ಎಂದ. ಗಲ್ಲಾದಲ್ಲಿದ್ದ ಹುಡುಗ ಕಳಿಸಿಬಿಟ್ಟ. ಎರಡು ನಿಮಿಷಕ್ಕೆ 15,000 ರೂಪಾಯಿ ಜಮಾ ಅಂತ ಮೆಸೇಜ್. ಹಿಂದೆಯೇ ಫೋನ್: "1,500 ಹಾಕುವಲ್ಲಿ ಒಂದು ಸೊನ್ನೆ ಜಾಸ್ತಿ ಆಯ್ತು, 13,500 ವಾಪಸ್ ಹಾಕಿ." ಹುಡುಗ ಪಿನ್ ಒತ್ತಲು ತಯಾರಿದ್ದ. ಆಪ್‌ನಲ್ಲಿ ನೋಡಿದರೆ ಸೊನ್ನೆ. ಗಲ್ಲಾದ ಸೌಂಡ್‌ಬಾಕ್ಸೂ ಮಾತಾಡಿರಲಿಲ್ಲ. ಮೆಸೇಜ್ ಬಂದದ್ದು ಬ್ಯಾಂಕ್ ಹೆಸರಿನಿಂದಲ್ಲ, ಹತ್ತಂಕಿಯ ಮೊಬೈಲ್ ನಂಬರಿನಿಂದ. ಫೋನ್ ಕಟ್ ಮಾಡಿ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಹೇಳಿದೆ. ಈಗ ನಮ್ಮಲ್ಲಿ ಒಂದೇ ನಿಯಮ: ಆಪ್‌ನಲ್ಲಿ ಕಾಣದ ರೊಕ್ಕ ಬಂದೇ ಇಲ್ಲ.

ಇನ್ನು ಬೈಯುವುದು. ಮೆಸೇಜ್‌ಗಳು ಇಂಗ್ಲಿಷ್, ಹಿಂದಿ ಎರಡರಲ್ಲೇ. ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ, ಬೆಳಗಾವಿಯಲ್ಲಿ! ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಅಂತ ಎಲ್ಲ ಕಡೆ ಹೇಳುತ್ತಾರಲ್ಲ, ವಯಸ್ಸಾದವರು ನಮ್ಮ ಲಿಂಕನ್ನೇ ಮೋಸದ್ದು ಅಂತ ಅಳಿಸಿಹಾಕುತ್ತಾರೆ. ಈಗ ಮೊದಲು ನಾನೇ ಫೋನ್ ಮಾಡಿ, "ಲಿಂಕ್ ಬರ್ತದ್ರಿ, ನಮ್ದ ಅದು" ಅಂತ ಹೇಳಿ ಆಮೇಲೆ ಕಳಿಸುತ್ತೇನೆ. ಬುಕಿಂಗ್ ರದ್ದು ಮಾಡಿದರೆ ರೊಕ್ಕ ವಾಪಸ್ ಹೋಗಲು ಐದಾರು ದಿನ ಬೇಕು. ಅಷ್ಟು ದಿನ ಬೈಗುಳ ತಿನ್ನುವವನು ನಾನು. 2024ರ ಡಿಸೆಂಬರ್ 31ರ ರಾತ್ರಿ ಆಪ್ ಒಂದು ತಾಸು ನಿಂತೇ ಹೋಯಿತು. ಸಹಾಯದ ನಂಬರಿಗೆ ಮಾಡಿದರೆ ಮರುದಿನ ಉತ್ತರ. ತಿಂಗಳ ಬಾಡಿಗೆ 1,200 ಇದ್ದದ್ದು ಹೇಳದೆ ಕೇಳದೆ 1,500 ಆಗಿದೆ, ಮೇಲೆ 18% ಜಿಎಸ್‌ಟಿ.

ಹಳೆಯ ಗಿರಾಕಿ, ವಕೀಲರೊಬ್ಬರು, 50 ರೂಪಾಯಿ ಮಾತು ಕೇಳಿ "ನಮ್ಮ ಮ್ಯಾಲೂ ನಂಬಿಗಿ ಇಲ್ಲೇನೋ ತಮ್ಮಾ?" ಎಂದಿದ್ದರು. ಅಂಥ ಹತ್ತಿಪ್ಪತ್ತು ನಂಬರ್‌ಗಳಿಗೆ ಅಡ್ವಾನ್ಸ್ ಬೇಡ ಅಂತ ಗುರುತು ಹಾಕಲು ಆಪ್‌ನಲ್ಲಿ ಜಾಗವೇ ಇಲ್ಲ. ಅವರಿಗೋಸ್ಕರ ಗಲ್ಲಾದಲ್ಲಿ ಹಳೆಯ ನೋಟ್‌ಬುಕ್ ಇನ್ನೂ ಇದೆ. ಡಿಸೆಂಬರ್ 31ರಂದು ಕೈ ಹಿಡಿದದ್ದೂ ಅದೇ.

ಈ ವರ್ಷಕ್ಕೂ ರೊಕ್ಕ ಕಟ್ಟಿದ್ದೇನೆ. ಮೂರೂವರೆ ಸ್ಟಾರ್ ಕೊಡಬೇಕೆಂದಿದ್ದೆ, ಇಲ್ಲಿ ಅರ್ಧ ಒತ್ತಲು ಬರಲ್ಲ. ನಾಲ್ಕು ಒತ್ತಿದ್ದೇನೆ.